ಅಂಗಿ ನೀರು

ಬಿಳಿ ಅಂಗಿಯ ಎದೆಯ ಮೇಲೆ ಒಂದು ಹಳದಿ ಚುಕ್ಕೆ ಬಿತ್ತು ಅಂದರೆ ಅದು ಇಸ್ತ್ರಿಯಕ್ಕನ ಹೊಟ್ಟೆಯ ಮೇಲೆ ಬಿದ್ದ ಏಟು.

ಓಣಿಯ ನಲ್ಲಿ ನೀರಿನ ಗುಣವೇ ಹಾಗೆ. ಕೊಡದಲ್ಲಿ ನಿಂತಾಗ ಅಷ್ಟೇನೂ ಕಾಣುವುದಿಲ್ಲ. ಸ್ವಲ್ಪ ಮಂಕು, ಸ್ವಲ್ಪ ವಾಸನೆ. ಅದೇ ನೀರನ್ನು ಬಿಳಿ ಬಟ್ಟೆಯ ಮೇಲೆ ಚಿಮುಕಿಸಿ, ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ ಎಳೆದರೆ ಅದರ ಬಂಡವಾಳ ಬಯಲಾಗುತ್ತದೆ. ಹನಿ ಬಿದ್ದ ಕಡೆಯೆಲ್ಲ ತುಕ್ಕಿನ ಬಣ್ಣದ ಚುಕ್ಕೆ. ಉಜ್ಜಿದರೂ ಹೋಗದು, ಸೋಪಿಗೂ ಬಗ್ಗದು. ಹಾಗೆ ಹಾಳಾದ ಅಂಗಿಗೆ ಗಿರಾಕಿ ಕೂಲಿ ಕೊಡುವ ಮಾತು ಹಾಗಿರಲಿ, ಹೊಸ ಅಂಗಿ ತಂದುಕೊಡು ಅಂತ ಗಾಡಿಯ ಮುಂದೆ ಕೂತೇ ಬಿಡುತ್ತಾನೆ.

ಅದಕ್ಕೇ ಇಸ್ತ್ರಿಯಕ್ಕ ಒಂದು ಕ್ಯಾನು ಒಳ್ಳೆಯ ನೀರು ಕೊಂಡು ಇಟ್ಟುಕೊಳ್ಳುತ್ತಿದ್ದಳು. ತಳ್ಳುಗಾಡಿಯ ಅಡಿಯಲ್ಲಿ, ಇದ್ದಿಲ ಚೀಲದ ಪಕ್ಕದಲ್ಲಿ, ಗೋಣಿ ಸುತ್ತಿ. ಮನೆಯಲ್ಲಿ ಅದಕ್ಕೆ ಅಂಗಿ ನೀರು ಅಂತ ಹೆಸರು. ನಲ್ಲಿಯಲ್ಲಿ ಬರುವುದು ಬಾಯಿ ನೀರು. ಅಂಗಿ ನೀರನ್ನು ಬಾಯಿಗೆ ಹಾಕುವಂತಿಲ್ಲ, ಬಾಯಿ ನೀರನ್ನು ಅಂಗಿಗೆ ಹಾಕುವಂತಿಲ್ಲ. ಮನೆಗಿದ್ದ ಕಾನೂನು ಇದೊಂದೇ.

"ಅಮ್ಮಾ, ಅಂಗಿ ನೀರು ಒಂದು ಗುಟುಕು ಕೊಡೇ."

ಗಾಡಿಯ ಹಿಂದಿದ್ದ ಮನೆಯ ಬಾಗಿಲಲ್ಲಿ, ಮಡಿಸಿದ ಚಾದರದ ಮೇಲೆ ಮಗಳು ಮಲಗಿದ್ದಳು. ಕಾಮಾಲೆ. ಕಣ್ಣು ಅರಿಶಿನ ಹಚ್ಚಿದ ಹಾಗೆ. ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, "ಔಷಧಿಗಿಂತ ಮುಖ್ಯ ನೀರಮ್ಮ. ಒಳ್ಳೆ ನೀರು ಕುಡಿಸಿ, ತಾನಾಗೇ ಹೋಗುತ್ತೆ," ಅಂದಿದ್ದರು. ಒಳ್ಳೆ ನೀರು ಅನ್ನುವುದು ಎಲ್ಲರ ಮನೆಯ ಮೂಲೆಯಲ್ಲೂ ಬಿದ್ದಿರುತ್ತದೆ ಅನ್ನುವ ಹಾಗೆ.

"ಕಾಸಿದ ನೀರಿದೆಯಲ್ಲ ಪುಟ್ಟಿ, ಅದನ್ನೇ ಕುಡಿ."

"ಅದು ಕಾಸಿದ್ರೂ ನಾರುತ್ತೆ."

"ಮೂಗು ಮುಚ್ಕೊಂಡು ಕುಡಿ ನನ್ನವ್ವ."

ಒಳಗಿನಿಂದ ಅತ್ತೆಯ ದನಿ ಬಂತು. ಅತ್ತೆಗೆ ಕಣ್ಣು ಮಂಜಾಗಿತ್ತು, ನಾಲಗೆ ಮಾತ್ರ ಹದಿನಾರರ ಹುಡುಗಿಯದು. "ಅದಕ್ಕೊಂದು ಅಂಗಿ ಹೊಲಿಸಿ ಗಾಡಿ ಮೇಲೆ ಮಲಗಿಸ್ಬಿಡೇ. ಆಗಾದ್ರೂ ಒಳ್ಳೆ ನೀರು ಚಿಮುಕಿಸ್ತೀಯೇನೋ."

"ಅತ್ತೆ, ಸುಮ್ನಿರಿ. ಕ್ಯಾನು ಖಾಲಿ ಆದ್ರೆ ನಾಳೆ ಇಸ್ತ್ರಿ ಹೇಗೆ ಮಾಡ್ಲಿ? ನಿಮ್ಮ ಮಗ ತಂದು ಹಾಕ್ತಾನಾ?"

ಅತ್ತೆಯ ಮಗ ಲಾರಿ ಕ್ಲೀನರ್. ಅವನು ಎಲ್ಲಿದ್ದಾನೆ ಅನ್ನುವುದು ಲಾರಿಗೆ ಮಾತ್ರ ಗೊತ್ತು.

ಇಸ್ತ್ರಿಯಕ್ಕ ಆ ಕಡೆ ಈ ಕಡೆ ನೋಡಿದಳು. ಲೋಟದ ತಳ ಮುಚ್ಚುವಷ್ಟು ಅಂಗಿ ನೀರು ಬಗ್ಗಿಸಿ ಮಗಳ ಬಾಯಿಗಿಟ್ಟಳು. ಹುಡುಗಿ ಕುಡಿದು, ಲೋಟದ ಅಂಚನ್ನೂ ನೆಕ್ಕಿದಳು.

ಓಣಿಯ ಪೈಪು ಅಜ್ಜಂದಿರ ಕಾಲದ್ದು. ಮೋರಿಯ ಒಳಗೇ ಮಲಗಿತ್ತು. ಅಲ್ಲಲ್ಲಿ ತುಕ್ಕು ತಿಂದು ತೂತಾಗಿತ್ತು. ನೀರು ಬಿಡದ ಹೊತ್ತಿನಲ್ಲಿ ಮೋರಿ ನೀರು ಪೈಪಿನೊಳಗೆ ಇಳಿಯುತ್ತಿತ್ತು, ಬಿಟ್ಟ ಹೊತ್ತಿನಲ್ಲಿ ಎಲ್ಲರ ಕೊಡಕ್ಕೆ ಬರುತ್ತಿತ್ತು. ರಸ್ತೆಯ ಆಚೆ ಅಧಿಕಾರಿಗಳ ಕ್ವಾರ್ಟರ್ಸು. ಅಲ್ಲಿಗೆ ಬೇರೆ ಪೈಪು, ಬೇರೆ ನೀರು. ಅಲ್ಲಿನ ಅಂಗಿಗಳೆಲ್ಲ ಇಸ್ತ್ರಿಗೆ ಇಲ್ಲಿಗೇ ಬರುತ್ತಿದ್ದವು.

ಓಣಿಯೊಳಗೆ ಒಂದು ಗುಡಿ, ಒಂದು ಮಸೀದಿ, ಒಂದು ಚರ್ಚು. ಪೂಜಾರಿಯ ಪಂಚೆ, ಮೌಲ್ವಿಯ ಜುಬ್ಬಾ, ಪಾದ್ರಿಯ ನಿಲುವಂಗಿ, ಮೂರೂ ಬಿಳಿ. ಪೇಟೆಯ ಲಾಂಡ್ರಿಯಲ್ಲಿ ತೊಳೆಸಿಕೊಂಡು ಬಂದು ಇಸ್ತ್ರಿಗೆ ಇವಳ ಗಾಡಿಗೆ ಕೊಡುತ್ತಿದ್ದರು. ಮೂವರ ದೇವರು ಬೇರೆಯಾದರೂ ಬಟ್ಟೆ ಒಂದೇ ರಾಶಿಯಲ್ಲಿ ಬಿದ್ದಿರುತ್ತಿತ್ತು. ಪಾದ್ರಿ ತಮಾಷೆ ಮಾಡುತ್ತಿದ್ದರು: "ನಮ್ಮನ್ನ ಒಟ್ಟಿಗೆ ಸೇರಿಸೋಳು ನೀನೊಬ್ಳೇ ಕಣಮ್ಮ."

ನಿಜಕ್ಕೂ ಒಟ್ಟಿಗೆ ಸೇರಿಸಿದ್ದು ಓಣಿಯ ದರ್ಜಿಯ ಹೆಂಡತಿ. ಅದೂ ಸತ್ತು.

ಬೆಳಿಗ್ಗೆ ವಾಂತಿ ಭೇದಿ ಶುರುವಾದದ್ದು ಸಂಜೆಯ ಹೊತ್ತಿಗೆ ಮುಗಿದುಹೋಗಿತ್ತು. ಹೆಣ ತೊಳೆಯಲು ಒಳಗೆ ಹೋದ ಹೆಂಗಸರು ಬಕೆಟ್ಟು ಹಿಡಿದುಕೊಂಡು ಹೊರಗೆ ಬಂದರು. "ಮೌಲ್ವಿ ಸಾಬ್ರೇ, ಈ ನೀರಲ್ಲಿ ತೊಳೆದ್ರೆ ಇನ್ನೂ ಕೊಳೆ ಆಗ್ತಾಳೆ. ಇವತ್ತು ಮೋರಿನೇ ಬರ್ತಿದೆ."

ಮೌಲ್ವಿ ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ನೇರ ಎದುರಿನ ಚರ್ಚಿಗೆ ಹೋದರು. ಪಾದ್ರಿ ತಮ್ಮ ಕೋಣೆಯ ಕ್ಯಾನನ್ನು ತಾವೇ ಹೊತ್ತು ತಂದರು. ಪೂಜಾರಿ ದೇವರ ಅಭಿಷೇಕಕ್ಕೆ ಇಟ್ಟಿದ್ದ ಕೊಡ ತಂದ. ಇಸ್ತ್ರಿಯಕ್ಕ ಅಂಗಿ ನೀರು ಕೊಟ್ಟಳು.

ದರ್ಜಿ ಗೋಡೆಗೆ ಒರಗಿ ಕೂತು ಎಲ್ಲ ನೋಡುತ್ತಿದ್ದ. "ಬದುಕಿದ್ದಾಗ ಒಂದು ಲೋಟ ಸಿಗ್ಲಿಲ್ಲ ಇವಳಿಗೆ," ಅಂದ. "ಈಗ ನೋಡಿ, ಮೈ ತುಂಬ."

ಆ ಮಾತು ಮೂವರಿಗೂ ಮುಖಕ್ಕೆ ಹೊಡೆದ ಹಾಗಾಯಿತು. ಆ ವಾರ ಮಸೀದಿಯಲ್ಲಿ, ಗುಡಿಯಲ್ಲಿ, ಚರ್ಚಿನಲ್ಲಿ ಸ್ವರ್ಗ ನರಕದ ಮಾತು ಬರಲಿಲ್ಲ. ಪೈಪಿನ ಮಾತು ಬಂತು. ಸರ್ಕಾರದ ಹತ್ತಿರ ಕುಡಿಯುವ ನೀರಿಗೆ ಅಂತಲೇ ದುಡ್ಡಿದೆ, ಅದನ್ನು ಕೇಳಿ ತರಬೇಕು ಅಂತ ಮೂವರೂ ಹೇಳಿದರು. ಕೂಲಿ ಕೆಲಸ ಬಿಟ್ಟು ಜನ ಅವರ ಹಿಂದೆ ನೀರಿನ ಆಫೀಸಿಗೆ ಹೋದರು.

ನೀರಿನ ಸಾಹೇಬ ಎದ್ದು ನಿಂತು ಮೂವರಿಗೂ ಕುರ್ಚಿ ಹಾಕಿಸಿದ. ಜನ ಹೊರಗೆ ನಿಂತರು.

"ಗುರುಗಳೇ ಬಂದಿದ್ದೀರಿ, ಇಲ್ಲ ಅನ್ನೋಕಾಗುತ್ತಾ? ದುಡ್ಡಿದೆ. ಆದ್ರೆ ಸರ್ಕಾರದ ದುಡ್ಡು ರೀ ಅದು, ಬಾಯಲ್ಲಿ ಕೇಳಿದ್ರೆ ಬರಲ್ಲ. ನಾನು ಬಂದು ನೋಡ್ಬೇಕು. ನೀರು ಕೆಟ್ಟಿದೆ ಅಂತ ನಾನು ಬರೀಬೇಕು. ಬರೀತೀನಿ, ಅದಕ್ಕೇನಂತೆ."

ಅಷ್ಟು ಸುಲಭವಾಗಿ ಆಗಿಹೋಯಿತಲ್ಲ ಅಂತ ಓಣಿಗೆ ಓಣಿಯೇ ಹಿಗ್ಗಿತು.

ಸಾಹೇಬ ಬರುವ ದಿನ ಜನ ಏನು ಮಾಡಿದರು ಗೊತ್ತೇ? ಮನೆಗೆ ದೊಡ್ಡವರು ಬರುತ್ತಾರೆ ಅಂದರೆ ಬಡವರು ಏನು ಮಾಡುತ್ತಾರೋ ಅದನ್ನೇ ಮಾಡಿದರು. ಓಣಿ ಗುಡಿಸಿದರು. ಮೋರಿಯ ಮೇಲೆ ಹಲಗೆ ಮುಚ್ಚಿದರು. ನಾರುವ ಕಡೆ ಸುಣ್ಣದ ಪುಡಿ ಎರಚಿದರು. ಇದ್ದುದರಲ್ಲೇ ಒಳ್ಳೆಯ ಬಟ್ಟೆ ಹಾಕಿಕೊಂಡರು. ಇಸ್ತ್ರಿಯಕ್ಕ ಓಣಿಯವರ ಅಂಗಿಗಳನ್ನೆಲ್ಲ ಪುಕ್ಕಟೆ ಗೆರೆ ಬರುವ ಹಾಗೆ ಇಸ್ತ್ರಿ ಮಾಡಿಕೊಟ್ಟಳು. ಅಂಗಿ ನೀರು ಕ್ಯಾನಿನ ತಳ ಮುಟ್ಟಿತು. ಮಗಳಿಗೆ ಅವತ್ತು ಗುಟುಕೂ ಸಿಗಲಿಲ್ಲ.

"ಒಂದಿವ್ಸ ತಡ್ಕೋ ಪುಟ್ಟಿ. ಸಾಹೇಬ್ರು ಬರೆದ್ರೆ ಆಮೇಲೆ ನಲ್ಲಿಗೇ ಬಾಯಿ ಹಾಕಿ ಕುಡೀಬಹುದು."

ಮಧ್ಯಾಹ್ನದ ಉರಿ ಬಿಸಿಲಿನಲ್ಲಿ ಜೀಪು ಬಂತು. ಸಾಹೇಬ ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ಹರಿಯಬಿಟ್ಟ, ನೋಡಿದ. "ಸ್ವಲ್ಪ ಮಂಕಿದೆ," ಅಂದ. ಮುಚ್ಚಿದ ಹಲಗೆಯ ಮೇಲೆ ನಡೆದುಕೊಂಡು ಹೋಗಿ ಬಂದ. ಚರ್ಚಿನ ಜಗಲಿಯ ಕುರ್ಚಿಯಲ್ಲಿ ಕೂತು, ಕರವಸ್ತ್ರದಿಂದ ಕತ್ತು ಒರೆಸಿಕೊಂಡು ಅಂದ: "ಅಬ್ಬಾ, ಏನು ಸೆಖೆ! ಒಂದು ಲೋಟ ನೀರು ಕೊಡ್ರಪ್ಪಾ."

ಇಡೀ ಓಣಿ ಒಬ್ಬರ ಮುಖ ಒಬ್ಬರು ನೋಡಿಕೊಂಡಿತು. ಮನೆ ಬಾಗಿಲಿಗೆ ಬಂದವನು ಬಾಯಿಬಿಟ್ಟು ನೀರು ಕೇಳುತ್ತಿದ್ದಾನೆ. ಆ ನೀರನ್ನು ಹೇಗೆ ಕೊಡುವುದು? ಪೂಜಾರಿ ಮೌಲ್ವಿಯ ಕಡೆ ನೋಡಿದ, ಮೌಲ್ವಿ ಪಾದ್ರಿಯ ಕಡೆ ನೋಡಿದರು, ಮೂವರೂ ಇಸ್ತ್ರಿಯಕ್ಕನ ಕಡೆ ನೋಡಿದರು. ಅವಳು ಆಗಲೇ ಓಡುತ್ತಿದ್ದಳು. ಕ್ಯಾನು ಬಗ್ಗಿಸಿದಳು, ಸೆರಗಿನಲ್ಲಿ ಲೋಟ ಒರೆಸಿದಳು, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು.

ಸಾಹೇಬ ಗಟಗಟ ಕುಡಿದ. ಇನ್ನೊಂದು ಲೋಟ ಕೇಳಿದ. ಅದನ್ನೂ ಕುಡಿದು ಮೀಸೆ ಒರೆಸಿಕೊಂಡ. "ಒಳ್ಳೆ ಸಿಹಿ ನೀರಿದೆಯಲ್ರೀ! ಇದಕ್ಕಾ ಇಷ್ಟು ಗಲಾಟೆ?"

ಪಾದ್ರಿ ಗಾಬರಿಯಾದರು. "ಸಾರ್, ಅದು ನಲ್ಲಿದಲ್ಲ. ಕ್ಯಾನಿಂದು."

"ಕ್ಯಾನಿಂದಾ?" ಸಾಹೇಬ ಇಸ್ತ್ರಿಯಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಯಾರು ಕೊಂಡಿದ್ದು, ನೀನಾ?"

"ಹೌದು ಸಾರ್. ಅಂಗಿಗೆ..."

"ನೋಡಿ ಗುರುಗಳೇ. ಇಸ್ತ್ರಿ ಮಾಡೋಳೇ ಕ್ಯಾನು ನೀರು ಕೊಳ್ತಾಳೆ ಅಂದ್ಮೇಲೆ ಈ ಓಣಿಗೆ ಸರ್ಕಾರದ ದುಡ್ಡು ಯಾಕ್ರೀ?"

ನಕ್ಕ. ಜೊತೆಗೆ ಬಂದಿದ್ದ ಜವಾನನೂ ನಕ್ಕ. ಇಸ್ತ್ರಿ ಬಟ್ಟೆ ಹಾಕಿಕೊಂಡು ನಿಂತಿದ್ದ ಜನರಲ್ಲೂ ಕೆಲವರು, ಸಾಹೇಬ ನಗುತ್ತಿದ್ದಾನಲ್ಲ ಅಂತ, ನಕ್ಕರು.

"ಸ್ಯಾಂಪಲ್ಲು ತಗೊಂಡು ಹೋಗಿ ಸಾರ್," ಅಂದರು ಮೌಲ್ವಿ, ನಲ್ಲಿ ನೀರಿನ ಬಾಟಲಿ ಚಾಚಿ.

"ಸ್ಯಾಂಪಲ್ಲು ಯಾಕೆ? ನಾನೇ ಕುಡಿದೆನಲ್ಲ."

ಅದನ್ನೇ ಬರೆದ. ಓಣಿಗೆ ಹೋಗಿ ನೋಡಲಾಯಿತು, ಖುದ್ದಾಗಿ ಕುಡಿದು ನೋಡಲಾಯಿತು, ನೀರು ಯೋಗ್ಯವಾಗಿದೆ. ಪೈಪಿಗೆ ಬರಬೇಕಾಗಿದ್ದ ದುಡ್ಡು ಕ್ವಾರ್ಟರ್ಸಿನ ಮುಂದಿನ ವೃತ್ತಕ್ಕೆ ಹೋಯಿತು. ಅಲ್ಲಿ ಕಾರಂಜಿ ಕಟ್ಟಲು ಶುರು ಮಾಡಿದರು.

ಬೈಗುಳವೆಲ್ಲ ಇಸ್ತ್ರಿಯಕ್ಕನ ತಲೆಗೆ ಬಂತು. "ಇವಳ ಉಪಚಾರಕ್ಕೆ ಬೆಂಕಿ ಹಾಕ," ಅಂದಳು ಪಕ್ಕದ ಮನೆಯವಳು, ಕೇಳಲಿ ಅಂತಲೇ ಗಟ್ಟಿಯಾಗಿ. "ದೊಡ್ಡ ಸಾಹುಕಾರ್ತಿ! ಕ್ಯಾನು ತೋರಿಸೋಕೆ ಹೋದ್ಲು." ನಲ್ಲಿಯ ಹತ್ತಿರ ಅವಳ ಕೊಡವನ್ನು ಹಿಂದಕ್ಕೆ ತಳ್ಳಿದರು. ಪೂಜಾರಿಯೂ ಪಂಚೆ ಕೊಡಲು ಬಂದವನು ಕೇಳಿದ: "ಅಲ್ಲಮ್ಮ, ಆ ನೀರು ತಂದುಕೊಡು ಅಂತ ನಿಂಗ್ಯಾರು ಹೇಳಿದ್ದು?"

ಜುಬ್ಬಾ ಒಯ್ಯಲು ಬಂದಿದ್ದ ಮೌಲ್ವಿ ಅಲ್ಲೇ ಇದ್ದರು. "ನಾವೇ ಕಣ್ರೀ ಹೇಳಿದ್ದು. ಬಾಯಲ್ಲಿ ಹೇಳಲಿಲ್ಲ, ಅಷ್ಟೇ. ಮೂವರೂ ಇವಳ ಮುಖ ನೋಡಿದ್ವೋ ಇಲ್ವೋ?"

ಪೂಜಾರಿ ತಂದಿದ್ದ ಪಂಚೆಯನ್ನು ಮೆಲ್ಲಗೆ ಗಾಡಿಯ ಮೇಲಿಟ್ಟ.

ಇಸ್ತ್ರಿಯಕ್ಕನಿಗೆ ಯಾರ ಮಾತೂ ಒಳಗೆ ಇಳಿಯುತ್ತಿರಲಿಲ್ಲ. ಮಗಳ ಹೊಟ್ಟೆ ಉಬ್ಬಿತ್ತು. ಉಗುರಿನ ಬುಡ ಕೂಡ ಹಳದಿಗೆ ತಿರುಗಿತ್ತು. ಆಸ್ಪತ್ರೆಯಲ್ಲಿ ಮಂಚ ಖಾಲಿ ಇಲ್ಲ ಅಂದಿದ್ದರು. ನೆಲ ಖಾಲಿ ಇತ್ತು. ಅಲ್ಲೂ ಕುಡಿಯುವ ನೀರು ಮನೆಯಿಂದಲೇ ತರಬೇಕು.

ಕಾರಂಜಿ ಮುಗಿಯಿತು. ಮಂತ್ರಿ ಬಂದು ಗುಂಡಿ ಒತ್ತುತ್ತಾರಂತೆ. ಮೂರು ಧರ್ಮದ ಗುರುಗಳೂ ಬಂದು ಹರಸಬೇಕಂತೆ. ಸಾಹೇಬ ಅವರಿಗೆ ಹೇಳಿ ಕಳಿಸಿದ್ದ. ಹಿಂದಿನ ದಿನ ಮಧ್ಯಾಹ್ನ ಜವಾನ ಸಾಹೇಬನ ಬಿಳಿ ಅಂಗಿ, ಬಿಳಿ ಪ್ಯಾಂಟು ತಂದು ಗಾಡಿಯ ಮೇಲೆ ಇಟ್ಟ.

"ನಾಳೆ ಫೋಟೋ ಹಿಡೀತಾರೆ. ಹಾಲಿನ ಹಾಗಿರ್ಬೇಕು. ಏನಾದ್ರೂ ಎಡವಟ್ಟು ಮಾಡಿದ್ಯೋ, ಗಾಡಿ ಇರಲ್ಲ ನೋಡು."

"ಆಯ್ತಪ್ಪಾ, ಸಂಜೆಗೆ ಬಾ."

ಪಕ್ಕದಲ್ಲೇ ಪಾದ್ರಿಯ ನಿಲುವಂಗಿ, ಮೌಲ್ವಿಯ ಜುಬ್ಬಾ, ಪೂಜಾರಿಯ ಪಂಚೆ. ನಾಲ್ವರದ್ದೂ ಬಿಳಿ, ನಾಲ್ವರದ್ದೂ ನಾಳೆಗೆ. ಇಸ್ತ್ರಿಯಕ್ಕ ಕೆಂಡ ಊದಿ ಪೆಟ್ಟಿಗೆ ತುಂಬಿದಳು. ಬೂದಿ ಜಾಡಿಸಿದಳು. ಸಾಹೇಬನ ಅಂಗಿ ಹರಡಿ, ಚಿಮುಕಿಸಲು ಕ್ಯಾನಿಗೆ ಕೈ ಹಾಕಿದಳು. ಅಷ್ಟರಲ್ಲಿ ಮಗಳು ಎದ್ದು ಕೂತಳು. ಏನೂ ಕೇಳಲಿಲ್ಲ. ಕೇಳುವುದನ್ನು ಬಿಟ್ಟಿದ್ದಳು. ತಾಯಿಯ ಕೈಯನ್ನು, ಕ್ಯಾನನ್ನು ನೋಡಿದಳು, ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು.

ಕೇಳಿದ್ದರೆ ಇಸ್ತ್ರಿಯಕ್ಕ ಗದರಿಸುತ್ತಿದ್ದಳೇನೋ. ಕೇಳದೆ ಮಲಗಿದ್ದು ಎದೆ ಇರಿಯಿತು.

ಕ್ಯಾನನ್ನು ಎತ್ತಿ ಮಗಳ ತಲೆಯ ಹತ್ತಿರ ಇಟ್ಟಳು. "ಪುಟ್ಟಿ, ಏಳು. ಕುಡಿ."

"ಎಷ್ಟು ಕುಡೀಲಿ?"

"ಅಷ್ಟೂ ನಿಂದೇ."

"ಅಂಗಿಗೆ?"

"ಅಂಗಿಗೆ ಬಾಯಿ ನೀರು ಸಾಕು."

ಒಳಗೆ ಅತ್ತೆ ಎದ್ದು ಕೂತದ್ದು ಕೇಳಿಸಿತು. "ಏನೇ ಅಂದೆ?"

"ನೀರು ಯೋಗ್ಯವಾಗಿದೆ ಅಂತ ಬರೆದಿದ್ದಾರಲ್ಲ ಅತ್ತೆ. ನಮ್ಮ ಬಾಯಿಗೇ ಯೋಗ್ಯ ಅಂದ್ಮೇಲೆ ಅವರ ಅಂಗಿಗೆ ಯಾಕಾಗಲ್ಲ?"

"ಕಾಲರಿಗೂ ಹಾಕೇ," ಅಂದಳು ಅತ್ತೆ. "ಕಾಲರು ಚೆನ್ನಾಗಿ ಕೂರ್ಲಿ."

ಇಸ್ತ್ರಿಯಕ್ಕ ನಲ್ಲಿಯ ನೀರು ಹಿಡಿದು ತಂದು ಚಿಮುಕಿಸಿದಳು. ಪೆಟ್ಟಿಗೆ ಎಳೆದಳು. ಸೊಯ್ ಅಂತ ಹಬೆ ಎದ್ದಿತು, ಮೋರಿಯ ವಾಸನೆ ಎದ್ದಿತು. ಅಂಗಿಯ ತುಂಬ ಚುಕ್ಕೆಗಳು ಅರಳಿದವು. ಗೆರೆ ಒಂದಿಷ್ಟೂ ಸೊಟ್ಟ ಹೋಗಲಿಲ್ಲ. ಅಂಗಿಯನ್ನು ಒಪ್ಪವಾಗಿ ಮಡಿಸಿ, ಕಾಗದ ಸುತ್ತಿ ಇಟ್ಟಳು. ಉಳಿದ ಮೂವರ ಬಟ್ಟೆ ಎತ್ತಿಕೊಂಡಾಗ ಮಾತ್ರ ಕಣ್ಣು ತುಂಬಿತು. ಬೇರೆ ನೀರಿರಲಿಲ್ಲ. ಅವುಗಳಿಗೂ ಅದನ್ನೇ ಚಿಮುಕಿಸಿದಳು. ಸಂಜೆ ಜವಾನ ಬಂದು ಸಾಹೇಬನ ಪೊಟ್ಟಣವನ್ನು ಬಿಚ್ಚದೇ ಒಯ್ದ.

ಮಾರನೆಯ ಬೆಳಿಗ್ಗೆ ಜೀಪು ಓಣಿಯೊಳಗೇ ನುಗ್ಗಿತು. ಸಾಹೇಬ ಲುಂಗಿಯಲ್ಲೇ ಇಳಿದ. ಕೈಯಲ್ಲಿ ಅಂಗಿ.

"ಏನೇ ಇದು?"

"ಅಂಗಿ ಸಾರ್."

"ಈ ಚುಕ್ಕೆ ಏನೇ?"

"ನೀರು ಸಾರ್."

"ಎಂಥ ನೀರು?"

"ನೀವು ಬರೆದ ನೀರು."

ಅಲ್ಲಿಯವರೆಗೆ ಬಾಗಿಲ ಸಂದಿಯಿಂದ ನೋಡುತ್ತಿದ್ದವರು ಹೊರಗೆ ಬಂದರು. ಸಾಹೇಬನ ಮುಖ ಕೆಂಪಾಯಿತು. "ಬೇಕೂಂತ ಮಾಡಿದ್ದೀಯಾ!"

"ಕ್ಯಾನಲ್ಲಿ ಒಬ್ಬರಿಗಾಗೋಷ್ಟೇ ಇತ್ತು ಸಾರ್. ನನ್ನ ಮಗಳಿಗೆ ಕೊಟ್ಟೆ. ತಪ್ಪಾಯ್ತಾ?"

ಸಾಹೇಬ ಜವಾನನ ಕಡೆ ತಿರುಗಿದ. ಜವಾನ ಕೆಂಡ ನೆಲಕ್ಕೆ ಸುರಿದು ಪೆಟ್ಟಿಗೆಯನ್ನು ಜೀಪಿಗೆ ಎಸೆದ. ಗಾಡಿಯನ್ನು ಒದ್ದು ಉರುಳಿಸಿದ. ಗಾಡಿಯ ಜೊತೆ ಮಡಿಸಿಟ್ಟ ಬಟ್ಟೆಯೂ ನೆಲಕ್ಕೆ ಬಿತ್ತು. ಜೀಪು ಹೋಯಿತು.

ಮೂವರು ಗುರುಗಳು ಬಂದಾಗ ಇಸ್ತ್ರಿಯಕ್ಕ ಮಣ್ಣಿನಿಂದ ಬಟ್ಟೆ ಹೆಕ್ಕುತ್ತಿದ್ದಳು. ಚುಕ್ಕೆ ಬಿದ್ದ ನಿಲುವಂಗಿ ಎತ್ತಿ ಪಾದ್ರಿಯ ಮುಂದೆ ಹಿಡಿದಳು. "ಕ್ಷಮಿಸಿ ಫಾದರ್. ನಿಮ್ಮದೂ ಹಾಗೇ ಆಗಿಹೋಯ್ತು. ಮೂವರದ್ದೂ."

ಪಾದ್ರಿ ಬಟ್ಟೆ ಬಿಡಿಸಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅಲ್ಲೇ, ರಸ್ತೆಯಲ್ಲೇ, ಮೈಮೇಲೆ ಹಾಕಿಕೊಂಡರು.

"ಇಷ್ಟು ದಿನ ನಾವು ಶುಭ್ರವಾಗಿ ನಿಂತ್ಕೊಂಡು ಕೊಳಕು ನೀರಿನ ಬಗ್ಗೆ ಮಾತಾಡಿದ್ವಿ," ಅಂದರು. "ಯಾರು ನಂಬ್ತಾರೆ?"

ಮೌಲ್ವಿ ಜುಬ್ಬಾ ಕೇಳಿ ತೆಗೆದುಕೊಂಡರು. ಪೂಜಾರಿ ಪಂಚೆ ಕೈಯಲ್ಲಿ ಹಿಡಿದು, "ಓಣಿಯ ಉಳಿದೋರ ಬಟ್ಟೆ?" ಅಂದ. "ನಾವು ಮೂವರೇ ಹೀಗೆ ಹೋದ್ರೆ ಹುಚ್ಚು ಅಂತಾರೆ."

"ಪೆಟ್ಟಿಗೆ ಇಲ್ಲ ಅಯ್ನೋರೇ. ತಗೊಂಡು ಹೋದ್ರು," ಅಂದಳು ಇಸ್ತ್ರಿಯಕ್ಕ.

ನಲ್ಲಿಯ ಹತ್ತಿರ ಕೊಡ ತಳ್ಳಿದ್ದ ಪಕ್ಕದ ಮನೆಯವಳು ಒಳಗೆ ಹೋದಳು. ಹಿತ್ತಾಳೆ ಚೊಂಬಿಗೆ ಒಲೆಯ ಕೆಂಡ ತುಂಬಿಕೊಂಡು, ಬಟ್ಟೆಯಲ್ಲಿ ಕಂಠ ಹಿಡಿದು ಹೊರಗೆ ಬಂದಳು. "ಪೆಟ್ಟಿಗೆ ಯಾಕೆ? ನಮ್ಮಮ್ಮ ಹೀಗೇ ಮಾಡೋಳು. ಹೇಗೆ ಎಳೀಬೇಕು ತೋರಿಸು ಬಾ ಅಕ್ಕ."

ಮಧ್ಯಾಹ್ನದ ಹೊತ್ತಿಗೆ ಓಣಿಯ ಪ್ರತಿ ಜಗಲಿಯ ಮೇಲೂ ಚೊಂಬು. ಬಿಳಿ ಅಂಗಿ, ಬಿಳಿ ಸೀರೆ, ಬಿಳಿ ಇಲ್ಲದವರು ಹಾಸಿಗೆಯ ಹೊದಿಕೆ. ಎಲ್ಲದಕ್ಕೂ ನಲ್ಲಿ ನೀರು. ದರ್ಜಿ ಸತ್ತ ಹೆಂಡತಿಯ ಬಿಳಿ ದುಪಟ್ಟಾ ತಂದು ತಾನೇ ಚಿಮುಕಿಸಿದ, ತಾನೇ ಎಳೆದ, ಹೆಗಲಿಗೆ ಹಾಕಿಕೊಂಡ.

ಸಂಜೆ ವೃತ್ತದಲ್ಲಿ ಬಣ್ಣದ ದೀಪ, ಕಬ್ಬಿಣದ ಬೇಲಿ, ಪೊಲೀಸರು. ಓಣಿಯ ಜನ ಖಾಲಿ ಕೊಡ ಹಿಡಿದುಕೊಂಡು ಗುರುಗಳ ಹಿಂದೆ ಬಂದು ನಿಂತರು. ಮಂತ್ರಿ ನೋಡಿ ಹುಬ್ಬೇರಿಸಿದ. "ಏನ್ರೀ ಇದು ಎಲ್ಲರ ಬಟ್ಟೆ?"

ಪೂಜಾರಿ ಮುಂದೆ ಬಂದ. "ಇದು ನಮ್ಮ ಓಣಿ ನೀರು ಸ್ವಾಮಿ. ಕುಡಿಯೋಕೆ ಯೋಗ್ಯ ಅಂತ ನಿಮ್ಮ ಸಾಹೇಬ್ರು ಬರೆದಿದ್ದಾರೆ. ಬಟ್ಟೆಗೇ ಹೀಗಾದ್ರೆ ನಮ್ಮ ಹೊಟ್ಟೆಯೊಳಗೆ ಹೇಗಾಗಿರ್ಬೇಕು, ನೀವೇ ಹೇಳಿ."

ಬೂದು ಬಣ್ಣದ ಅಂಗಿ ಹಾಕಿಕೊಂಡಿದ್ದ ಸಾಹೇಬ ಬೇರೆ ಕಡೆ ನೋಡಿದ. ಮಂತ್ರಿ ಕ್ಯಾಮೆರಾದ ಕಡೆ ನೋಡಿದ. "ಪರಿಶೀಲಿಸೋಣ, ಪರಿಶೀಲಿಸೋಣ," ಅಂದ. ಗುಂಡಿ ಒತ್ತಿದ.

ನೀರು ಎದ್ದಿತು. ಮನೆಯೆತ್ತರ. ಕ್ವಾರ್ಟರ್ಸಿನ ಪೈಪಿನ ನೀರು, ಗಾಜಿನಂಥ ನೀರು. ಮೇಲೆ ಹೋಗಿ ಚದುರಿ, ಯಾರ ಬಾಯಿಗೂ ಸಿಗದೆ ಕೆಳಗೆ ಬೀಳುತ್ತಿತ್ತು. ಜನ ಚಪ್ಪಾಳೆ ತಟ್ಟಲಿಲ್ಲ.

ಇಸ್ತ್ರಿಯಕ್ಕನ ಕೈಯಲ್ಲಿ ಮಗಳು ಕುಡಿದು ಮುಗಿಸಿದ್ದ ಖಾಲಿ ಕ್ಯಾನಿತ್ತು. ಮನೆಯಲ್ಲಿ ಮಗಳು ಅತ್ತೆಯ ತೊಡೆಯ ಮೇಲೆ ಮಲಗಿದ್ದಳು. ಹೊರಡುವಾಗ ತುಟಿ ಒಣಗಿತ್ತು, ಕಣ್ಣು ಪೂರ್ತಿ ತೆರೆಯುತ್ತಿರಲಿಲ್ಲ. "ಬೇಗ ಬಾ," ಅಂದಿದ್ದಳು ಅತ್ತೆ. ಅಷ್ಟೇ. ಕೊಂಕು ಸೇರಿಸಿರಲಿಲ್ಲ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬೇಲಿಯ ಮೇಲೆ ಕಾಲಿಟ್ಟಳು.

"ಏ! ಏ! ಇಳಿಯಮ್ಮಾ ಕೆಳಗೆ!" ಪೊಲೀಸಿನವನು ಸೀಟಿ ಊದಿದ.

ಅವಳು ಆಚೆ ಹಾರಿದಳು. ಮೊಣಕಾಲಿನವರೆಗಿನ ನೀರಿನಲ್ಲಿ ನಿಂತು ಕ್ಯಾನಿನ ಬಾಯನ್ನು ಕಾರಂಜಿಗೆ ಹಿಡಿದಳು. ಹಿಂದೆ ಕೊಡಗಳು ಬೇಲಿಗೆ ತಗಲುವ ಸದ್ದು ಕೇಳಿಸಿತು. ಪಕ್ಕದ ಮನೆಯವಳು ಹಾರಿದಳು. ದರ್ಜಿ ಹಾರಿದ. ಪಾದ್ರಿ ನಿಲುವಂಗಿ ಎತ್ತಿಕಟ್ಟಿ ಬೇಲಿಗೆ ಬೆನ್ನು ಕೊಟ್ಟು ನಿಂತರು. ಅವರ ಪಕ್ಕ ಮೌಲ್ವಿ, ಅವರ ಪಕ್ಕ ಪೂಜಾರಿ. ಲಾಠಿ ಎತ್ತಿ ಬಂದವರು ಮೊದಲು ಆ ಮೂವರನ್ನು ದಾಟಬೇಕಿತ್ತು.

ಮೊದಲ ಏಟು ಯಾರಿಗೆ ಬಿತ್ತೋ. ಸದ್ದು ಮಾತ್ರ ಕೇಳಿಸಿತು. ಕ್ಯಾನು ಇನ್ನೂ ಅರ್ಧ ತುಂಬಿರಲಿಲ್ಲ. ಇಸ್ತ್ರಿಯಕ್ಕ ತಿರುಗಿ ನೋಡಲಿಲ್ಲ.